ಸಮುದ್ರ ಕಾಣದವನ ಸಂಶೋಧನೆ

ಸಮುದ್ರದ ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ಜಗತ್ತಿನ ಸಂಶೋಧನೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಬೈಲಹೊಂಗಲದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಸಮುದ್ರವನ್ನು ಕಂಡವನಲ್ಲ. ಆದರೆ ಕಡಲಾಮೆಯ ಹೊಟ್ಟೆಯಲ್ಲಿ ಏನೇನು ಸಿಕ್ಕಿತೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲೆ.

ಬೇರೆ ಸಂಶೋಧಕರು ಬರೆದ ಲೇಖನಗಳನ್ನು ಎಣಿಸುವುದೇ ನನ್ನ ಕೆಲಸ. ಮೊದಲು ಎಲ್ಲರೂ ತೀರದ ಕಸದ ಬಗ್ಗೆ ಬರೆದರು, ಆಮೇಲೆ ಕಣ್ಣಿಗೆ ಕಾಣದ ಚೂರುಗಳ ಬಗ್ಗೆ. ಈಗೀಗ ಕಸ ಹೊತ್ತು ತರುವ ನದಿಗಳತ್ತ ಹೊರಳಿದ್ದಾರೆ. ಈ ಹೊರಳುವಿಕೆಗೆ ಬಣ್ಣಬಣ್ಣದ ನಕ್ಷೆ ಮಾಡಿದ್ದೆ. ಸವದತ್ತಿಯಲ್ಲಿರುವ ಮಾರ್ಗದರ್ಶಕರು ಅದನ್ನು ಒಪ್ಪಿದರೆ ಪ್ರಬಂಧ ಸಲ್ಲಿಸಿ, ಡಾಕ್ಟರ್ ಆಗುವುದು ಯಾವಾಗ ಎಂದು ಕೆಣಕುವ ಸಹೋದ್ಯೋಗಿಗಳ ಬಾಯಿ ಮುಚ್ಚಿಸಬಹುದಿತ್ತು.

ಸವದತ್ತಿಗೆ ಹೊರಡುವಾಗ ಅವ್ವ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ದೇವರ ಜಗಲಿಯ ಬಾಡಿದ ಹೂವು, ಮಾಸಿದ ದೇವರ ಪಟ. ಇವು ಕಾಲಿಗೆ ಸಿಗಬಾರದು, ಹರಿಯುವ ನೀರಿಗೇ ಸೇರಬೇಕು ಎಂದಳು. ಮಲಪ್ರಭೆಯ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ, ಗಂಟು ಸಹ ಬಿಚ್ಚದೆ ಒಗೆದು, ಕೈಮುಗಿದು ಹೊರಟೆ.

ತಡವೇಕಾಯಿತೆಂದು ಮಾರ್ಗದರ್ಶಕರು ಕೇಳಿದರು. ಹೊಳೆಗೆ ಚೀಲ ಬಿಟ್ಟು ಬಂದೆ ಎಂದುಬಿಟ್ಟೆ. ಇಬ್ಬರ ಕಣ್ಣೂ ಮೇಜಿನ ಮೇಲೆ ಹರಡಿದ್ದ ನನ್ನ ನಕ್ಷೆಯ ಮೇಲೆ ಬಿದ್ದವು.

"ಸಮುದ್ರ ಸದ್ಯಕ್ಕ ಇರಲಿ," ಎಂದರು ಅವರು. "ಆ ಸೇತುವಿ ಮ್ಯಾಲಿಂದ ಎಷ್ಟು ಚೀಲ ಬೀಳತಾವು, ಎಣಿಸ್ಕೊಂಡ ಬರ್ರಿ. ಆಮ್ಯಾಲೆ ಸಲ್ಲಿಸೂಣು."

ದಾರಿಯುದ್ದಕ್ಕೂ ಅವರನ್ನು ಬೈಯುತ್ತ ಬಂದೆ. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಇಳಿಯಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ವಹಿ ಹಿಡಿದು ಸೇತುವೆಯ ಮೇಲೆ ನಿಂತೆ. ಬೈಕಿನಲ್ಲಿ ಬಂದ ಹಿರಿಯರೊಬ್ಬರು, ನಾನೂ ಚೀಲ ಬಿಡಲೆಂದೇ ನಿಂತಿರುವೆನೆಂದು ತಿಳಿದು, ತಮ್ಮ ಚೀಲವನ್ನೂ ಬಿಡಲು ನನ್ನ ಕೈಗೆ ಕೊಟ್ಟರು. ನನಗೆ ಖುಷಿಯೋ ಖುಷಿ. ಗಂಟು ಬಿಚ್ಚಿ ಹೂವನ್ನಷ್ಟೇ ನೀರಿಗೆ ಸುರಿದು, ಖಾಲಿ ಚೀಲವನ್ನು ಮಡಚಿ, ನದಿ ಉಳಿಸಿದವನ ಗತ್ತಿನಲ್ಲಿ ಅವರ ಮುಂದೆ ಹಿಡಿದೆ.

ಅವರು ಮುಟ್ಟಲಿಲ್ಲ. "ಅದನ್ನೂ ಬಿಡ್ರಿ ಸರ. ದೇವರ ಸಾಮಾನ ಇಟ್ಟಿದ್ದು, ಮತ್ತ ಮನಿಗೆ ಒಯ್ಯಾಕ ಬರಂಗಿಲ್ಲ."

ಇಷ್ಟು ಹೇಳಿ ಚಪ್ಪಲಿ ಕಳಚಿ, ಕೈಮುಗಿದು ಕಾಯುತ್ತ ನಿಂತರು. ಚೀಲವನ್ನೂ ಬಿಟ್ಟೆ. ಅವರು ಹೋದ ಮೇಲೆ ವಹಿ ತೆರೆದು, ನಾಚಿಕೆಯಿಂದ ಎಣಿಕೆಯ ಮೊದಲ ಗೆರೆ ಎಳೆದೆ.