ಸಾಹೇಬರು ಹೇಳಿದರೂ ಇಳಿಸದ ಭಾರ

ನನ್ನ ಮೈಯಲ್ಲಿ ಶಕ್ತಿ ಇದೆ ಎಂಬ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಕೆ.ಆರ್. ಪುರದಾಚೆಯ ನಮ್ಮ ಹಳ್ಳಿಯಲ್ಲಿ ರಾಗಿ ಮೂಟೆಯನ್ನು ಒಬ್ಬನೇ ಅಟ್ಟಕ್ಕೇರಿಸುತ್ತಿದ್ದೆ. ಸೇನೆಗೆ ಸೇರಿದ ಮೇಲೆ ಆ ಶಕ್ತಿಗೊಂದು ಮರ್ಯಾದೆ ಬಂತು. ತೊಂಬತ್ತರ ದಶಕದ ನಡುವಿನಲ್ಲಿ, ಹಲಸೂರಿನ ಪರೇಡ್ ಮೈದಾನದ ಅಂಚಿನ ತಗಡಿನ ಶೆಡ್ಡಿನಲ್ಲಿ, ರೆಜಿಮೆಂಟಿನ ವೇಟ್‌ಲಿಫ್ಟಿಂಗ್ ತಂಡದೊಡನೆ ಮೂರು ತಿಂಗಳು ಅಭ್ಯಾಸ ಮಾಡಲು ನನ್ನನ್ನು ಕರೆಸಿದರು. ಕೊನೆಯಲ್ಲಿ ಆಯ್ಕೆ. ನನ್ನ ತೂಕದವರಲ್ಲಿ ಒಬ್ಬನಿಗಷ್ಟೇ ಜಾಗ. ಸಿಗದಿದ್ದರೆ ಬೆಟಾಲಿಯನ್ನಿಗೆ, ಗಡಿಯ ಹಿಮಕ್ಕೆ ವಾಪಸ್. ಹಿಮಕ್ಕೆ ನಾನು ಹೆದರುತ್ತಿರಲಿಲ್ಲ. ಕಬ್ಬಿಣ ಕೈಬಿಟ್ಟು ಹೋಗುತ್ತದಲ್ಲ ಎಂಬುದಕ್ಕೆ ಹೆದರುತ್ತಿದ್ದೆ.

ಅಪ್ಪನಿಗೆ ಇದೆಲ್ಲ ತಮಾಷೆ. ಒಮ್ಮೆ ಹುರುಳಿ ಸಾರು, ಮುದ್ದೆ ಕಟ್ಟಿಸಿಕೊಂಡು ಬಂದವನು ಗೇಟಿನ ಹತ್ತಿರ ಕೇಳಿದ: “ಅಷ್ಟ್ ಭಾರ ಎತ್ತಿ ಮತ್ತೆ ಅಲ್ಲೇ ಇಡ್ತೀರಲ್ಲೋ, ಇನ್ನೊಂದ್ ಕಡೆಗಾದ್ರೂ ಸಾಗಿಸ್ಬಾರ್ದಾ?”

ನಮ್ಮ ಉಸ್ತಾದ್, ಅಂದರೆ ತಂಡದ ತರಬೇತುದಾರ, ಹಲಸೂರಿನಲ್ಲೇ ಹುಟ್ಟಿದ ತಮಿಳು ಹವಾಲ್ದಾರ. ಕುಳ್ಳ, ಕತ್ತೇ ಇಲ್ಲವೇನೋ ಎನ್ನುವಂಥ ಭುಜ. ಭಾನುವಾರ ನಮ್ಮನ್ನು ಶಿವಾಜಿನಗರಕ್ಕೆ ನಡೆಸಿಕೊಂಡು ಹೋಗಿ ಕಾಲು ಸೂಪು ಕುಡಿಸುತ್ತಿದ್ದರು. ಎತ್ತುವುದನ್ನು ಕಲಿಸಿದ್ದಕ್ಕಿಂತ ಹೆಚ್ಚಾಗಿ ಅವರು ನಮಗೆ ಕಾಯುವುದನ್ನು ಕಲಿಸಿದರು. ಭಾರ ತಲೆಯ ಮೇಲೆ ಹೋದ ಮೇಲೆ ಮೊಣಕೈ ಬಿಗಿಹಿಡಿದು ಅಲುಗಾಡದೆ ನಿಲ್ಲಬೇಕು. ರೆಫರಿ ‘ಡೌನ್’ ಎಂದು ಕೈ ಇಳಿಸಿದ ಮೇಲೆಯೇ ಬಿಡಬೇಕು. ಅದಕ್ಕೆ ಮೊದಲು ಬಿಟ್ಟರೆ ಎತ್ತಿದ್ದೆಲ್ಲ ನೀರಲ್ಲಿ ಹೋಮ.

ಆದರೆ ನನಗೆ ಅದಕ್ಕೂ ಮೊದಲೇ ಸೇನೆ ಇನ್ನೊಂದು ಪಾಠ ಕಲಿಸಿಯಾಗಿತ್ತು. ‘ಸಾವಧಾನ್’ ಎಂಬ ಕೂಗು ಕಿವಿಗೆ ಬಿದ್ದರೆ, ಕೈಯಲ್ಲಿ ಏನಿದ್ದರೂ ಬಿಟ್ಟು ನೆಟ್ಟಗೆ ನಿಲ್ಲುವುದು. ರಜೆಯಲ್ಲಿದ್ದಾಗ ಪಕ್ಕದ ಶಾಲೆಯ ಡ್ರಿಲ್ ಮೇಷ್ಟ್ರು ಕೂಗಿದ್ದಕ್ಕೆ ಕಾಫಿ ಲೋಟ ಬೀಳಿಸಿ ನಿಂತವನು ನಾನು.

ಆಯ್ಕೆಯ ದಿನ ನನ್ನದೇ ತೂಕದ ಎದುರಾಳಿ ತನ್ನ ಸರದಿ ಮುಗಿಸಿ ಕೂತಿದ್ದ. ಅವನನ್ನು ಮೀರಿಸಲು ನನಗೆ ನೂರಮೂವತ್ತು ಕೆಜಿ ಬೇಕಿತ್ತು, ಮೂರು ಅವಕಾಶ. ಮೊದಲನೆಯದರಲ್ಲಿ ಆತುರಪಟ್ಟು ಮುಂದಕ್ಕೆ ವಾಲಿದೆ. ಎರಡನೆಯದು ಹೂವಿನಂತೆ ಮೇಲೆ ಹೋಯಿತು. ಕೈ ಬಿಗಿದು ನಿಂತೆ. ಅದೇ ಹೊತ್ತಿಗೆ ಕಮಾಂಡಿಂಗ್ ಸಾಹೇಬರು ಶೆಡ್ಡಿನೊಳಗೆ ಕಾಲಿಟ್ಟರು. ಬಾಗಿಲ ಬಳಿಯ ಸಿಪಾಯಿ ಕೂಗಿದ: “ಸಾವಧಾನ್!”

ಭಾರದ ಕಂಬಿ ದಢಾರನೆ ನೆಲಕ್ಕೆ ಬಿತ್ತು. ನಾನು ಬರಿ ತೊಡೆಗೆ ಹೆಬ್ಬೆರಳೊತ್ತಿ, ಎದೆ ಸೆಟೆಸಿ, ಮರದ ಕೊರಡಿನ ಹಾಗೆ ನಿಂತಿದ್ದೆ. ರೆಫರಿಯಾಗಿದ್ದ ಸುಬೇದಾರರು ತಲೆಯಾಡಿಸಿ, ಲೆಕ್ಕಕ್ಕಿಲ್ಲ ಎಂದು ಕೆಂಪು ಬಾವುಟ ಎತ್ತಿದರು. ಎದುರಾಳಿ ಕೂಡ ನಕ್ಕುಬಿಟ್ಟ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು.

ಉಸ್ತಾದ್ ನಗಲಿಲ್ಲ. ನನ್ನ ಅಂಗೈಗೆ ಚಾಕ್‌ಪುಡಿ ತಿಕ್ಕುತ್ತಾ ಮೆಲ್ಲಗೆ ಹೇಳಿದರು: “ತಂಬಿ, ನೆಲದ ಮೇಲೆ ನೀನು ಸಿಪಾಯಿ. ಎಲ್ರಿಗೂ ಸಲ್ಯೂಟ್ ಹೊಡಿ. ಕಂಬಿ ತಲೆ ಮೇಲೆ ಇರೋವಾಗ ಮಾತ್ರ ರೆಫರಿ ಬಿಟ್ರೆ ನಿಂಗೆ ಯಾರೂ ಸಾಹೇಬ್ರಿಲ್ಲ. ತಿಳೀತಾ?”

ತಿಳಿಯಿತು. ಮೂರನೆಯ ಸಲ ಹೋಗುವಾಗ ನನಗೆ ಭಾರದ ಚಿಂತೆಯೇ ಇರಲಿಲ್ಲ, ಅದನ್ನು ಈಗಷ್ಟೇ ಎತ್ತಿದ್ದೆನಲ್ಲ. ಎದೆಗೆ ತಂದೆ, ಉಸಿರು ಕಟ್ಟಿದೆ, ಮೇಲಕ್ಕೆ ಚಿಮ್ಮಿಸಿದೆ. ನಿಂತಿತು.

“ಶಾಬಾಶ್!” ಮುಂದಿನ ಕುರ್ಚಿಯಲ್ಲಿದ್ದ ಸಾಹೇಬರು ಖುಷಿಯಿಂದ ಎದ್ದೇಬಿಟ್ಟರು. “ಬಸ್, ಬಸ್! ರಖ್ ದೋ!”

ಸಾಕು, ಇಳಿಸು ಎಂದು ಸಾಕ್ಷಾತ್ ಕಮಾಂಡಿಂಗ್ ಸಾಹೇಬರ ಹುಕುಂ. ನನ್ನ ಬೆರಳುಗಳು ಸಡಿಲವಾಗಲು ಹೊರಟಿದ್ದು ನನಗೇ ಗೊತ್ತಾಯಿತು. ಹಲ್ಲು ಕಚ್ಚಿ ಹಿಡಿದುಕೊಂಡೆ. ಸಾಹೇಬರು ಬಾಯಿಬಿಟ್ಟ ಮೇಲೆ ತಾವು ಮಾತಾಡುವುದು ಹೇಗೆಂದು ಸುಬೇದಾರರು ಗೊಂದಲಕ್ಕೆ ಬಿದ್ದು, ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು. ಕಣ್ಣಿಗೆ ಬೆವರಿಳಿಯಿತು. ಸಾಹೇಬರು ಇನ್ನೊಮ್ಮೆ “ರಖ್ ದೋ!” ಎಂದರು. ನಾನು ಅವರತ್ತ ನೋಡಲೂ ಇಲ್ಲ. ಸುಬೇದಾರರ ಕೈಯನ್ನೇ ನೋಡುತ್ತಿದ್ದೆ.

ಕೊನೆಗೆ ಅದು ಇಳಿಯಿತು. “ಡೌನ್.” ಬಿಳಿ ಬಾವುಟ.

ಸಾಹೇಬರು ಹತ್ತಿರ ಬಂದು ಹಿಂದಿಯಲ್ಲಿ ಕೇಳಿದರು: “ನಾನು ಹೇಳಿದ್ದು ಕೇಳಿಸಲಿಲ್ಲವೇ?”

“ಕೇಳಿಸಿತು ಸಾಬ್,” ಎಂದೆ. “ಆದರೆ ಆಗ ಕಂಬಿ ಮೇಲಿತ್ತು.”

ಸಾಹೇಬರು ನನ್ನನ್ನೊಮ್ಮೆ, ಸುಬೇದಾರರನ್ನೊಮ್ಮೆ ನೋಡಿ, “ತಪ್ಪು ನನ್ನದೇ” ಎಂದು ಜೋರಾಗಿ ನಕ್ಕರು. ಆ ಸಂಜೆಯೇ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮುಂದಿನ ಒಂಬತ್ತು ವರ್ಷ ಆ ತಗಡಿನ ಶೆಡ್ಡೇ ನನ್ನ ಮನೆಯಾಯಿತು.

ಸಾಹೇಬರು ಹೊರಟಾಗ ಬಾಗಿಲ ಬಳಿಯ ಸಿಪಾಯಿ ಮತ್ತೆ “ಸಾವಧಾನ್” ಎಂದು ಕೂಗಿದ. ಈಗ ನನ್ನ ಕೈ ಖಾಲಿಯಿತ್ತು. ಎಲ್ಲರಿಗಿಂತ ಮೊದಲು ನಾನೇ ನೆಟ್ಟಗಾದೆ.