ದೊಡ್ಡವ್ವ ಹಿಡಿದ ಸೀಟುಗಳು

ಮೊನ್ನೆ ಮೈಸೂರಿನ ಹೆಬ್ಬಾಳದಲ್ಲಿ ಶಿಫ್ಟು ಮುಗಿಸಿ ಬಸ್ಸು ಹತ್ತಿದೆ. ಇನ್ನೇನು ಕೂರಬೇಕು, ಯಾರೋ ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಟವೆಲ್ ಎಸೆದರು. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಜಗಳಕ್ಕೆ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು...

ನಮ್ಮೂರಿಗೆ ಇದ್ದದ್ದು ಒಂದೇ ಬಸ್ಸು. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಮೈಸೂರಿಗೆ ಹೊರಡುತ್ತಿತ್ತು. ನಾನು ಅದರಲ್ಲೇ ಕಾಲೇಜಿಗೆ ಹೋಗುತ್ತಿದ್ದೆ. ವರ್ಷ ವರ್ಷಕ್ಕೂ ಹತ್ತುವವರು ಕಡಿಮೆಯಾದರು. ಕೆಲವರು ತೀರಿಕೊಂಡರು, ಬಹಳ ಮಂದಿ ಕೂಲಿ, ಫ್ಯಾಕ್ಟರಿ ಅಂತ ಮೈಸೂರು ಸೇರಿದರು. ಬೀಗ ಹಾಕಿದ ಮನೆಗಳ ಕೀಲಿಕೈಯೆಲ್ಲ ದೊಡ್ಡವ್ವನ ಸೊಂಟದಲ್ಲಿ. ಸಂಜೆ ಒಂದೊಂದು ಮನೆಗೂ ಹೋಗಿ ದೀಪ ಹಚ್ಚುತ್ತಿದ್ದಳು. ಖಾಲಿ ಮನೆಯೊಳಗೆ ಅವಳು ಮಾತಾಡುವುದು ನಮ್ಮ ಜಗಲಿಗೆ ಕೇಳುತ್ತಿತ್ತು. ನಡುನಡುವೆ ಯಾರದೋ ಉತ್ತರ ಕೇಳಿಸಿಕೊಳ್ಳುವವಳಂತೆ ಸುಮ್ಮನಾಗುತ್ತಿದ್ದಳು.

ಒಂದು ಸಂಜೆ ಕಂಡಕ್ಟರು ಅಪ್ಪನಿಗೆ ಹೇಳಿದರು: "ಜನ ಇಲ್ಲ ಅಂತ ಬಸ್ ನಿಲ್ಲಿಸ್ತಾರಂತೆ. ನಾಳೆ ಡಿಪೋ ಸಾಹೇಬ್ರು ನೋಡೋಕೆ ಬರ್ತಾರೆ."

ಅಪ್ಪ ನನ್ನ ಕಡೆ ನೋಡದೆ, "ಬಸ್ಸಿಲ್ದೆ ಹೆಣ್ಮಗೂನ ಎಂಗ್ ಕಳ್ಸೋದು? ಓದಿದ್ದು ಸಾಕು ಬುಡು," ಅಂದ. ದೊಡ್ಡವ್ವನ ಹತ್ತಿರ ಹೋಗಿ ಅತ್ತೆ.

"ಜನ ಯಾಕಿಲ್ಲ? ನಾನ್ ಕರೀತೀನಿ ಬುಡವ್ವ," ಅಂದಳು.

ಬೆಳಿಗ್ಗೆ ಬಸ್ಸು ಹತ್ತಿದರೆ ಸೀಟು ಸೀಟಿಗೂ ಟವೆಲ್. ಎಲ್ಲ ಬೀಗ ಹಾಕಿದ ಮನೆಗಳಿಂದ, ಸತ್ತವರ ಪೆಟ್ಟಿಗೆಗಳಿಂದ ದೊಡ್ಡವ್ವ ತಂದದ್ದು, ಬಸ್ಸಿನ ತುಂಬ ನುಸಿಗುಳಿಗೆಯ ವಾಸನೆ. ಮುಂದಿನ ಸೀಟಿನಲ್ಲಿ ಅವಳ ಗಂಡನ ಕೆಂಪಂಚಿನ ಟವೆಲ್... ದೊಡ್ಡಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ನಮ್ಮ ಕಡೆ ಟವೆಲ್ ಹಾಕಿ ಹಿಡಿದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ಅದಕ್ಕೇ ನಾನೂ ಇನ್ನಿಬ್ಬರೂ ನಿಂತೇ ಇದ್ದೆವು. ಎಂಥ ಹುಚ್ಚು ಮುದುಕಿ, ಸಾಹೇಬರಿಗೇನು ಕಣ್ಣಿಲ್ಲವೇ ಅಂತ ನನಗೆ ಸಿಟ್ಟೇ ಬಂದಿತ್ತು.

ಸಾಹೇಬರು ಹತ್ತಿದರು. ನಡುವೆ ಜಾಗ ಬೇಕಾದಷ್ಟಿತ್ತು. ಆದರೂ ಮೈ ಓರೆ ಮಾಡಿಕೊಂಡು, ಯಾರ ಕಾಲನ್ನೂ ತುಳಿಯದ ಹಾಗೆ ಹೆಜ್ಜೆ ಇಡುತ್ತಾ ಕೊನೆಯವರೆಗೆ ಹೋಗಿಬಂದರು. ಇಳಿಯುವ ಮುಂಚೆ ಕೆಂಪಂಚಿನ ಟವೆಲ್ ಇದ್ದ ಸೀಟಿನತ್ತ ಬಗ್ಗಿ, "ಸ್ವಲ್ಪ ಕಾಲು ತಗೊಳ್ಳಿ ಯಜಮಾನ್ರೇ," ಅಂದರು. ಆಮೇಲೆ ಕಂಡಕ್ಟರ ಕಡೆ ತಿರುಗಿ, "ಇಷ್ಟೊಂದು ಜನ ಇದಾರಲ್ರೀ, ಓಡಿಸಿ," ಅಂದರು.

ಕೆಳಗೆ ನಿಂತಿದ್ದ ದೊಡ್ಡವ್ವ ಒಂದೊಂದೇ ಕಿಟಕಿ ನೋಡಿಕೊಂಡು ಬಂದು, "ಮಗೀಗೆ ವಸಿ ಜಾಗ ಕೊಡ್ರಪ್ಪ," ಅಂದಳು. ಮೈಸೂರು ಬರುವವರೆಗೂ ನಾನು ಕೂರಲಿಲ್ಲ.

ಬಸ್ಸು ಉಳಿಯಿತು. ನಾನು ಓದು ಮುಗಿಸಿದೆ, ಕೆಲಸ ಹಿಡಿದೆ, ಅಪ್ಪ ಅಮ್ಮನನ್ನು ರಾಜೀವನಗರಕ್ಕೆ ಕರೆತಂದೆ. ದೊಡ್ಡವ್ವನನ್ನೂ ಕರೆದೆ. "ಇಷ್ಟ್ ಜನಾನ ಬುಟ್ಟು ಎಂಗವ್ವ ಬರ್ಲಿ?" ಅಂದಳು. ನಾವು ಬಂದ ಸ್ವಲ್ಪ ದಿನಕ್ಕೆ ಬಸ್ಸು ನಿಂತುಹೋಯಿತು, ಮಿಕ್ಕ ಒಂದೆರಡು ಮನೆಯವರೂ ಊರು ಬಿಟ್ಟರು.

ಹೋದ ವರ್ಷ ಅವಳಿಗೆ ಎದೆನೋವು ಬಂದಿರಬೇಕು. ಆಸ್ಪತ್ರೆಯ ಚೀಟಿ ಹಿಡಿದು ಹೊರಟವಳು ಊರ ಮುಂದಿನ ಬಸ್ ಸ್ಟಾಪಿನಲ್ಲಿ ಕೂತು, ಕೂತಲ್ಲೇ ಹೋಗಿಬಿಟ್ಟಿದ್ದಳು. ಇಲ್ಲದ ಬಸ್ಸಿಗೆ ಯಾಕೆ ಕಾದಳೋ... ಉದ್ದನೆಯ ಕಲ್ಲುಬೆಂಚಿನ ತೀರಾ ತುದಿಗೆ ಸರಿದು, ಮಿಕ್ಕವರಿಗೆ ಜಾಗ ಬಿಟ್ಟು ಕೂತಿದ್ದಳು ಅಂತ ಆಮೇಲೆ ಆ ದಾರಿಯಲ್ಲಿ ಬಂದು ಅವಳನ್ನು ಕಂಡ ಹಾಲಿನ ವ್ಯಾನಿನವನು ಹೇಳಿದ.

ಇಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಒಂದರ ಹಿಂದೆ ಒಂದು ಬಸ್ಸು ಬರುತ್ತದೆ, ಅರ್ಧಕ್ಕರ್ಧ ಖಾಲಿ. ನೋಡಿದಾಗಲೆಲ್ಲ ಕೋಪ ಬರುತ್ತದೆ, ಅಳುವೂ ಬರುತ್ತದೆ. ಊರಿಗೆ ಊರನ್ನೇ ಕರೆದು ನನ್ನ ಬಸ್ಸು ಉಳಿಸಿದವಳಿಗೆ, ತಾನು ಹೊರಟ ದಿನ ಕರೆಯಲು ಬದುಕಿರುವವರು ಒಬ್ಬರೂ ಸಿಗಲಿಲ್ಲ.