ತುಳಿದಿಟ್ಟ ಮೇವು

ತವರಿನಿಂದ ನನ್ನ ಜೊತೆ ಬಿಳೇಕಹಳ್ಳಿಗೆ ಬಂದದ್ದು ಒಂದು ಟ್ರಂಕು, ಒಂದು ಕೆಂದ ಹಸು. ಟ್ರಂಕನ್ನು ಅತ್ತೆ ಅಟ್ಟಕ್ಕೆ ಹಾಕಿಸಿದರು. ಹಸುವನ್ನು ಮಾತ್ರ ನಾನು ಯಾರ ಕೈಗೂ ಬಿಡಲಿಲ್ಲ. ಅದರ ಮೈ ತೊಳೆಯುವವಳೂ ನಾನೇ, ಹಾಲು ಕರೆಯುವವಳೂ ನಾನೇ. ಆ ಹೊಸ ಮನೆಯಲ್ಲಿ ನನ್ನ ದನಿ ಕೇಳಿ ತಿರುಗಿ ನೋಡುತ್ತಿದ್ದ ಜೀವ ಅದೊಂದೇ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆಯ ಹಾಲು ಜಯನಗರದ ಹೊಸ ಮನೆಗಳಿಗೆ ಹೋಗುತ್ತಿತ್ತು. ಅಲ್ಲಿ ಮನೆಗಳು ಎದ್ದ ಹಾಗೆಲ್ಲ ನಮ್ಮ ದನ ಮೇಯುವ ಬಯಲಿಗೆ ಕಲ್ಲು ನೆಡುತ್ತಾ ಬಂದರು. ಬರುವ ಬೇಸಿಗೆಗೆ ರಾಗಿ ಹುಲ್ಲಿನ ಬಣವೆ ಸಾಲುವಂತಿರಲಿಲ್ಲ. ನನ್ನ ಹಸು ಗಬ್ಬವಾಗಿತ್ತು, ಹಾಲು ಕಡಿಮೆಯಾಗುತ್ತಿತ್ತು. ಅತ್ತೆಯ ಕಣ್ಣು ನೇರ ಅದರ ಮೇಲೆ ಬಿತ್ತು.

"ಕರೆಯೋವಕ್ಕೇ ಹುಲ್ಲಿಲ್ಲ. ಇದನ್ನ ಕಟ್ಕೊಂಡು ಏನ್ ಮಾಡ್ಲಿ? ಶಿವರಾತ್ರಿ ಕಳೀಲಿ, ದಲ್ಲಾಳಿಗೆ ಕೊಟ್ಬಿಡ್ತೀನಿ."

ಅದೇ ವಾರ ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದು ನಮ್ಮ ಯಜಮಾನರಿಗೆ ಒಂದು ವಿಚಾರ ಹೇಳಿಹೋಗಿದ್ದರು. ಜೋಳದ ತೆನೆ ಹಾಲುಗಾಳಾಗಿರುವಾಗಲೇ ಕಡ್ಡಿ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಗೆ ಹಾಕಿ, ಗಾಳಿ ನಿಲ್ಲದ ಹಾಗೆ ತುಳಿದು ಮುಚ್ಚಬೇಕು. ಬೇಸಿಗೆಯಲ್ಲಿ ತೆಗೆದರೆ ರಸಮೇವು. ಅತ್ತೆ ಕೇಳಿ ನಕ್ಕರು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾದವರು ಅವರು.

"ರಾಗಿ ಒಣಗಿದ್ದು, ಹಗೇವಲ್ಲಿ ಕೂರ್ತದೆ. ಹಸೀದು ಹೂತ್ರೆ ಗೊಬ್ಬರ ಆಗ್ತದೆ ಕಣೋ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಬಾಯಿ ಹಾಕಿದೆ. ನನ್ನ ಬಾಯಿ ಯಾವತ್ತೂ ನನಗಿಂತ ಒಂದು ಹೆಜ್ಜೆ ಮುಂದೆ. "ಮಾಡಿ ನೋಡೋಣ ಅತ್ತೆ. ಮೇವು ಚೆನ್ನಾಗಿ ಬಂದ್ರೆ ಹಸು ಉಳೀಲಿ."

"ಕೊಳೆತ್ರೆ?"

"ಕೊಟ್ಬಿಡಿ."

ಹೇಳಿದವಳೇ ನಮ್ಮ ಹೊಲದ ಜೋಳ ಕೊಯ್ಯಲು ಕುಡುಗೋಲು ಹುಡುಕಿದೆ.

ಗುಂಡಿ ತುಂಬುವ ದಿನ ಅತ್ತೆ ಹುಣಸೆಮರದ ಕೆಳಗೆ, ಗುಂಡಿಯ ಅಂಚಿನಲ್ಲೇ ಕೂತರು. ನಮ್ಮಲ್ಲಿ ಮೊರದಿಂದ ಚೆಲ್ಲಿದ ಕಾಳಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇಲ್ಲಿ ನೋಡಿದರೆ ಗುಂಡಿ ತುಂಬ ಮೇವು, ಅದನ್ನು ತುಳಿಯಬೇಕು. "ದನ ತಿನ್ನೋದನ್ನ ಕಾಲಲ್ಲಿ ತುಳೀತಾರಾ? ಲಕ್ಷ್ಮಿ ಅದು" ಎಂದು ಅವರು ಗೊಣಗುತ್ತಲೇ ಇದ್ದರು. ಹುಣಸೆಮರದ ಕಡೆಯ ಅರ್ಧ ನಮ್ಮ ಯಜಮಾನರ ಪಾಲು. ತಾಯಿಯ ಕಣ್ಣೆದುರು ಅವರು ಒಣಹಾಕಿದ ಹಪ್ಪಳದ ಮೇಲೆ ನಡೆದ ಹಾಗೆ ಓಡಾಡಿದರು. ಬಣವೆಯ ಕಡೆಯ ಅರ್ಧ ನನ್ನದು. ಸೀರೆ ಎತ್ತಿ ಕಟ್ಟಿ ದಬದಬ ತುಳಿದೆ. ಕತ್ತರಿಸಿದ ಕಡ್ಡಿಗಳು ಅಂಗಾಲಿಗೆ ಚುಚ್ಚಿ ರಕ್ತ ಬಂತು.

"ಮೆಲ್ಲಗೆ ಕಣೇ! ಮೈಮೇಲೆ ಬಂದೈತಾ ನಿಂಗೆ?" ಎಂದರು ಅತ್ತೆ. ನಾನು ಇನ್ನೂ ಜೋರಾಗಿ ತುಳಿದೆ. ಪಾಪದ ಯೋಚನೆ ಬರಲಿಲ್ಲ, ದಲ್ಲಾಳಿಯ ಯೋಚನೆ ಬರುತ್ತಿತ್ತು. ಮೇಲೆ ಹುಲ್ಲು ಹರಡಿ, ಮಣ್ಣು ಹಾಕಿ, ಸಗಣಿ ಸಾರಿಸಿ ಮುಚ್ಚಿದೆವು. ಬಿರುಕು ಕಂಡಾಗಲೆಲ್ಲ ಮೆತ್ತಿದೆ.

ಶಿವರಾತ್ರಿ ಕಳೆಯಿತು. ಹಸು ಹಾಲು ಪೂರ್ತಿ ಬತ್ತಿಸಿ ಹೊಟ್ಟೆ ದೊಡ್ಡದು ಮಾಡಿಕೊಂಡಿತ್ತು. ಗುಂಡಿ ತೆಗೆಯುವ ದಿನವೇ ಅತ್ತೆ ದಲ್ಲಾಳಿಯನ್ನೂ ಕರೆಸಿದ್ದರು. ಅವನು ಹಗ್ಗ ಹಿಡಿದು ನಿಂತಿದ್ದ.

ಯಜಮಾನರು ಹುಣಸೆಮರದ ಕಡೆಯಿಂದ ಮಣ್ಣು ಸರಿಸಿದರು. ಮೇವು ಕಪ್ಪಾಗಿತ್ತು, ಬೂಸಲು ಹಿಡಿದಿತ್ತು. ಮೋರಿಯ ವಾಸನೆ. ಎಷ್ಟು ಅಗೆದರೂ ಅದೇ. ಅವರು ತಲೆ ತಗ್ಗಿಸಿ ನಿಂತರು. ಅತ್ತೆಗೂ ಖುಷಿಯಾದಂತೆ ಕಾಣಲಿಲ್ಲ. ಆದರೂ "ಹಗ್ಗ ಹಾಕಪ್ಪಾ" ಎಂದರು. ಅವನು ನನ್ನ ಹಸುವಿನ ಕೊರಳಿಗೆ ಹಗ್ಗ ಹಾಕಿದ.

"ನಾನು ತುಳಿದ ಕಡೆ ಇನ್ನೂ ತೆಗ್ದಿಲ್ಲ!" ಎಂದು ಕೂಗಿದೆ. ಹೊರಗಿನವರ ಎದುರು ಅತ್ತೆಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಗುಂಡಿಗೆ ಇಳಿದು ಬಣವೆಯ ಕಡೆ ಅಗೆದೆ. ಮೇಲಿನ ಪದರಕ್ಕೆ ಅಲ್ಲಿಯೂ ಬೂಸಲು. ಅಳುತ್ತಲೇ ಇನ್ನೂ ಕೆಳಕ್ಕೆ ಕೈ ಹಾಕಿ ಬಗೆದೆ. ಬಂದದ್ದು ಹಳದಿಗೆ ತಿರುಗಿದ ಹಸಿರು. ಹುಳಿ ಬಂದ ದೋಸೆಹಿಟ್ಟಿನ ವಾಸನೆ.

ಬಾಚಿ ತಂದು ಹಸುವಿನ ಮುಂದೆ ಹಿಡಿದೆ. ಅದು ಮೂಸಿ ಮುಖ ತಿರುಗಿಸಿತು.

"ಹಸುನೇ ಒಲ್ಲೆ ಅಂತೈತಲ್ಲವ್ವಾ" ಎಂದು ದಲ್ಲಾಳಿ ನಕ್ಕ.

ಆಗ ಅತ್ತೆ ಎದ್ದರು. ನನ್ನ ಕೈಯಿಂದ ಒಂದು ಹಿಡಿ ತೆಗೆದುಕೊಂಡು ಮೂಸಿದರು, ಎಳೆ ಎಳೆ ಬಿಡಿಸಿ ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡರು. ಕೆಟ್ಟ ಮೇವು ತಿಂದರೆ ಹಸುವಿನ ಗಬ್ಬ ಇಳಿದುಹೋಗುತ್ತದೆ ಎಂಬ ಭಯ ಅವರಿಗೆ. ಅವರು ಜಗಿಯುವುದನ್ನೇ ನೋಡುತ್ತ ನಾವೆಲ್ಲ ನಿಂತೆವು.

"ಹುಳಿ ಐತೆ. ಕೆಟ್ಟಿಲ್ಲ" ಎಂದು ಬಾಯಲ್ಲಿದ್ದುದನ್ನು ಉಗಿದರು. "ಒಂದಿಷ್ಟು ಉಪ್ಪು ತಗೊಂಬಾ."

ಓಡಿ ತಂದೆ. ಉಪ್ಪು ಸವರಿ ಹಸುವಿನ ಬಾಯಿಗೆ ಅವರೇ ಹಿಡಿದರು. ಅದು ನಾಲಿಗೆ ಚಾಚಿತು, ನೆಕ್ಕಿತು, ಒಂದೆಳೆ ಎಳೆದುಕೊಂಡಿತು. ಆಮೇಲೆ ಅವರ ಕೈಯನ್ನೇ ತಳ್ಳಿಕೊಂಡು ಇನ್ನಷ್ಟು ಹುಡುಕಿತು. ಅತ್ತೆ ದಲ್ಲಾಳಿಯ ಕಡೆ ನೋಡಲೂ ಇಲ್ಲ, ಹಗ್ಗ ಬಿಚ್ಚಿ ಅವನ ಹೆಗಲಿಗೆ ಎಸೆದರು. ನಾನು ಹಸುವಿನ ಕೊರಳು ತಬ್ಬಿಕೊಂಡು ಎಲ್ಲರ ಮುಂದೆ ಗಳಗಳ ಅತ್ತುಬಿಟ್ಟೆ.

ಮುಂದಿನ ವರ್ಷ ಗುಂಡಿ ತುಂಬುವಾಗ ಅತ್ತೆ ಚೊಂಬಿನಲ್ಲಿ ನೀರು ತಂದು ಅಂಚಿನಲ್ಲಿ ಕಾಲು ತೊಳೆದುಕೊಂಡರು. ಒರೆಸಿಕೊಂಡು, ಒಂದು ಹಿಡಿ ಮೇವನ್ನು ಕಣ್ಣಿಗೊತ್ತಿ "ತಪ್ಪಾಯ್ತು ತಾಯಿ" ಎಂದು ಕೈಮುಗಿದರು. ಗುಂಡಿಯೊಳಗಿದ್ದ ಮಗನಿಗೆ "ನೀನು ಮೇಲಕ್ ಬಾರೋ. ಇದು ನಿನ್ ಕೈಲಿ ಆಗಕ್ಕಿಲ್ಲ" ಎಂದರು. ಆಮೇಲೆ ನನ್ನ ಕೈ ಹಿಡಿದು ಕೆಳಗಿಳಿದು, ಸೀರೆ ಎತ್ತಿ ಕಟ್ಟಿ, ನನಗಿಂತ ಜೋರಾಗಿ ತುಳಿದರು.